ಹೊಸಬಾಳೆಗೆ ಇನ್ನೊಂದು ಗಂಟೆ ತುಳಿತ

ಡಿಸೆಂಬರ್ 5, ಶುಕ್ರವಾರ. ಶಿಕಾರಿಪುರ, ಸಂಜೆ 7

ಯಮುನಕ್ಕ, ಆರಾಮಿದ್ದೀಯಾ? ನಿನ್ನ ಎಡಗಾಲು ಮರಗಟ್ಟೋದು ನಿಂತಿತಾ? ನಿನ್ನ ಮಗ ಶಿವಶಂಕರನ ಬೆನ್ನು ಹೇಗಿದೆ, ಇನ್ನೂ ಬಗ್ಗಿ ಗೊಬ್ಬರದ ಚೀಲ ಎತ್ತುತ್ತಾನಾ? ಮೊಮ್ಮಗಳು ಸೌಂದರ್ಯ ಈಗ ಹೈಸ್ಕೂಲಲ್ಲಿರಬೇಕು. ಕನ್ನಡಕ ಬಂದಿದೆ ಅಂತ ಯಾರೋ ಹೇಳಿದ್ರು. ಇಷ್ಟು ಬೇಗ ಕಣ್ಣಿಗೆ ಏನಾಯ್ತು? ಭಾವ…

ಕೈ ಅಭ್ಯಾಸಕ್ಕೆ ಬರೆದುಬಿಟ್ಟಿತು. ಹೊಡೆದುಹಾಕಲ್ಲ. ಇರಲಿ.

ನಾನು ಆರಾಮು ಅಂತ ಬರೀಬೇಕು, ಪದ್ಧತಿ. ಆರಾಮಿಲ್ಲ. ಹೊನ್ನಾಳಿಯಿಂದ ಇಲ್ಲಿವರೆಗೆ ಸೈಕಲ್ ತುಳಿದು ತೊಡೆ ಎರಡೂ ನೆಂದ ಗೋಣಿಚೀಲ ಆಗಿವೆ. ಸೀಟಿನ ಮೇಲೆ ಕೂರೋ ಜಾಗದ ಸುದ್ದಿ ಬರೆಯೋಕೂ ನಾಚಿಕೆ. ಅರವತ್ತೆರಡಕ್ಕೆ ಸೈಕಲ್ ಟೂರು. ನೀನು ಎದುರಿಗಿದ್ರೆ ಏನಂತಿದ್ದೆ ಅಂತ ಗೊತ್ತು.

ಎಂಟು ಜನ ಇದೀವಿ. ಹೊನ್ನಾಳಿ, ಶಿಕಾರಿಪುರ, ಸೊರಬ, ಸಿದ್ದಾಪುರ, ಕೊನೆಗೆ ಕುಮಟಾದ ಸಮುದ್ರ. ನಾಲ್ಕು ದಿನ. ಹೊರಡಿಸಿದ್ದು ಹೇಮಂತ್, ಪಿ.ಟಿ. ಮೇಷ್ಟ್ರು, ನಮ್ಮ ಅಂಗಡಿಗೇ ಸೈಕಲ್ ತರೋದು. "ಹೂವಮ್ಮೋರೇ, ಮೆಕ್ಯಾನಿಕ್ ಒಬ್ರು ಬೇಕು. ನೀವು ಲಗೇಜ್ ವ್ಯಾನಲ್ಲಿ ಕೂತು ಬಂದ್ರೆ ಸಾಕು" ಅಂದ್ರು. ವ್ಯಾನಲ್ಲಿ ಕೂರೋಕೆ ನಾನ್ಯಾಕೆ ಬರ್ಲಿ ಅಂದೆ. ಅನ್ನಬಾರದಿತ್ತು. ಉಳಿದವರದ್ದೆಲ್ಲ ಗೇರ್ ಸೈಕಲ್ಲು. ನಂದು ಅದೇ ಹಳೇ ಲೇಡೀಸ್ ಸೈಕಲ್ಲು, ಏರು ಬಂದ್ರೆ ಮಂಡಿನೇ ಗೇರು.

ನಿಜ ಹೇಳ್ಲಾ ಅಕ್ಕ, ಸಮುದ್ರ ನೋಡೋಕೆ ಹೊರಟಿಲ್ಲ. ದಾರಿ ಸೊರಬದ ಮೇಲೆ ಹೋಗುತ್ತೆ. ಸೊರಬದಿಂದ ಹೊಸಬಾಳೆ ಹತ್ತಿರ. ಆರು ವರ್ಷದಲ್ಲಿ ಎರಡು ಸಲ ನಿಮ್ಮೂರಿಗೆ ಅಂತ ಬಸ್ ಹತ್ತಿದೀನಿ. ಎರಡು ಸಲವೂ ಶಿರಾಳಕೊಪ್ಪದಲ್ಲಿ ಇಳಿದು ವಾಪಸ್ ಬಂದಿದೀನಿ. ಈಗ ಹಿಂದೆ ಮುಂದೆ ಏಳು ಜನ ಇರ್ತಾರೆ. ತಿರುಗಿಸೋಕಾಗಲ್ಲ.

ನಮ್ಮನೆಯವರು ಹೋದಾಗ ಮಣ್ಣಿಗೆ ನೀವೆಲ್ಲ ಬಂದಿದ್ರಿ. ಆ ಸಂಜೆನೇ ನೀನು, "ಹೂವಿ, ಸೈಕಲ್ ಅಂಗಡಿ ಮುಚ್ಚಿಬಿಡು. ಹೆಂಗಸು ಗಾಲಿ ಬಿಚ್ಚಿಕೊಂಡು ಕೂತಿರೋದು ಚೆನ್ನಾಗಿರಲ್ಲ" ಅಂದೆ. "ನಿನ್ನ ಕೇಳಿದ್ನಾ" ಅಂದೆ ನಾನು. ಅಷ್ಟೇ. ಹನ್ನೊಂದನೇ ದಿನದ ಗಣಾರಾಧನೆಗೆ ನಿಮ್ಮ ಮನೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಒಂದು ಮಾತಿಗೆ ಇಷ್ಟು ಸಿಟ್ಟಾ ಅಂತ ನಾನೂ ಸುಮ್ಮನಾದೆ. ನಾಲ್ಕು ವರ್ಷ ಆದ್ಮೇಲೆ ಶಿವಶಂಕರ ಫೋನ್ ಮಾಡಿದ, ಭಾವ ತೀರಿಕೊಂಡ್ರು ಅಂತ. ನಾನು ಹೋಗಲಿಲ್ಲ. ಮುಯ್ಯಿಗೆ ಮುಯ್ಯಿ ಅಂದುಕೊಂಡೆ.

ಅಂದುಕೊಂಡಿದ್ದು ಒಂದು ದಿನ. ಅದರ ಸಂಕಟ ಎರಡು ವರ್ಷ ಆಗ್ತಾ ಬಂತು.

ನಾಳೆ ನಿನ್ನ ಬಾಗಿಲಿಗೆ ಬರ್ತೀನಿ. ಮಾತಾಡಿಸ್ತೀಯೋ ಇಲ್ವೋ. ನಿಂಗೆ ಓದೋಕೆ ಬರಲ್ಲ, ಅದಕ್ಕೇ ಈ ಡೈರಿಯಲ್ಲಿ ಇಷ್ಟು ಧೈರ್ಯ.

ಡಿಸೆಂಬರ್ 6, ಶನಿವಾರ. ಬೆಳಿಗ್ಗೆ 5.40

ಸೊಂಟ ಏಳಲಿಲ್ಲ. ಮೊದಲು ಒಂದು ಕಾಲು ಇಳಿಸಿ, ಆಮೇಲೆ ಇನ್ನೊಂದು. ದಾವಣಗೆರೆಯಿಂದ ಮಗಳ ಫೋನು. "ಅಮ್ಮ, ದೊಡ್ಡಮ್ಮನ ಮನೆಗೆ ಹೋಗೋದಾದ್ರೆ ಫೋನ್ ಮಾಡಿ ಹೋಗು" ಅಂದಳು ಗಂಗಾಶ್ರೀ. ಫೋನಲ್ಲಿ ಬರಬೇಡ ಅನ್ನೋದು ಸಲೀಸು ಕಣೇ. ಬಾಗಿಲಲ್ಲಿ ನಿಂತವಳಿಗೆ ಅನ್ನೋದು ಕಷ್ಟ.

ಚಳಿ. ಬೆರಳು ಬ್ರೇಕ್ ಹಿಡಿಯಲ್ಲ ಅಂತಾವೆ. ಹೊರಟೆ.

8.50. ಶಿರಾಳಕೊಪ್ಪ

ನಾನೇ ಕೊನೆಯವಳು. ಉಳಿದವರು ಇಡ್ಲಿ ತಿಂದು ಕೈ ತೊಳೀತಿದ್ರು. ದಾರಿಯುದ್ದ ಅರ್ಧ ರಸ್ತೆಗೆ ಗೋವಿನಜೋಳ ಹರವಿದಾರೆ. ಒಂದು ಕಡೆ ಕಾಳು, ಒಂದು ಕಡೆ ಲಾರಿ. ಕಾಳಿನ ಮೇಲೆ ಹತ್ತಿಸಿದ್ರೆ ಬೈತಾರೆ, ಲಾರಿ ಕಡೆ ಹೋದ್ರೆ ಬಯ್ಯೋಕೂ ಬಿಡಲ್ಲ.

ಅಜಮತ್ ಉಲ್ಲಾ ಸಾಹೇಬರ ಅಂಗಡಿಗೆ ಹೋದೆ. ನಮ್ಮನೆಯವರ ಹಳೇ ದೋಸ್ತು. ಇವರಿಗೆ ಮೂವತ್ತು ವರ್ಷ ಟೈರು, ಟ್ಯೂಬು ಕೊಟ್ಟಿದ್ದು ಅವರೇ. ನನ್ನ ಸೈಕಲ್ ನೋಡಿ ತಲೆ ಅಲ್ಲಾಡಿಸಿದ್ರು.

"ಹೂವಮ್ಮ, ಇದರ ಮೇಲೆ ಕುಮಟಾ? ಇದಕ್ಕೆ ಪೆನ್ಷನ್ ಕೊಡಬೇಕ್ರೀ."

"ನಂಗೆ ಕೊಟ್ಟಮೇಲೆ ಇದಕ್ಕೆ."

ಅವರ ಮನೆಯವರು ಕುಬ್ರಾ ಬೀ ಒಳಗಿಂದ ಚಹಾ, ಎರಡು ರಸ್ಕು ಕಳಿಸಿದ್ರು. ಸಾಹೇಬರೇ ಹಿಂದಿನ ಚಕ್ರಕ್ಕೆ ಹವಾ ಹಾಕಿದ್ರು. ನಾನು ಬೇಡ ಅಂದ್ರೂ ಕೇಳಲಿಲ್ಲ. ಸಂಜೆ ಹೊಸಬಾಳೆಗೆ ಹೋಗ್ತೀನಿ ಅಂದೆ. ಪಂಪು ನಿಲ್ಲಿಸಿದ್ರು.

"ನಿಮ್ಮ ಯಜಮಾನ್ರು ಚಂದ್ರಣ್ಣ ಹೋದಾಗ ನೀವು ಬರೆದ ಚೀಟಿ ಅಲ್ಲಿಗೆ ತಗೊಂಡು ಹೋಗಿದ್ದು ನಾನೇ. ನೆನಪಿದೆಯಾ?"

ನೆನಪಿಲ್ಲದೆ ಏನು. ಆವಾಗ ಫೋನಲ್ಲಿ ಮಾತಾಡೋಕೆ ಬಾಯಿ ಬರ್ತಿರಲಿಲ್ಲ. ಅದಕ್ಕೆ ಬರೆದೆ. ಸಾಹೇಬರು ಸೊರಬದ ಕಡೆ ವಸೂಲಿಗೆ ಹೊರಟಿದ್ರು, ಅವರ ಕೈಲಿ ಕೊಟ್ಟೆ. 'ಭಾವನವರಿಗೆ ಶರಣು. ಸೋಮವಾರ ಗಣಾರಾಧನೆ. ಅಕ್ಕಿ ಬೇಡ. ನೀವೆಲ್ಲ ಬಂದರೆ ಸಾಕು.' ಇಷ್ಟೇ. ಸಾವಿನ ಮನೆಗೆ ಒಡಹುಟ್ಟಿದವರು ಅಕ್ಕಿ ತರೋದು ನಮ್ಮಲ್ಲಿ ರೂಢಿ. ಆ ವರ್ಷ ನಿಮ್ಮ ಗದ್ದೆ ಕೈಗೆ ಹತ್ತಿರಲಿಲ್ಲ ಅಂತ ಗೊತ್ತಿತ್ತು ನಂಗೆ.

"ನಿಮ್ಮ ಭಾವ ನಿಂತುಕೊಂಡೇ ಓದಿದ್ರು" ಅಂದ್ರು ಸಾಹೇಬರು. "ಮಡಚಿ ಜೇಬಿಗೆ ಹಾಕ್ಕೊಂಡ್ರು. ಕೂತ್ಕೊಳ್ಳಿ ಅನ್ಲಿಲ್ಲ, ಚಾ ಅನ್ಲಿಲ್ಲ. ಪರಮಶಿವಪ್ಪನವರು ಅಂಥ ಮನುಷ್ಯ ಅಲ್ಲಮ್ಮ. ದುಃಖದಲ್ಲಿದಾರೆ ಅಂದ್ಕೊಂಡು ಬಂದೆ."

ಅಂದ್ರೆ ಚೀಟಿ ಮುಟ್ಟೋ ಹೊತ್ತಿಗೇ ನೀವು ಸಿಟ್ಟಲ್ಲಿದ್ರಿ. ಗೊತ್ತಾಯ್ತು. ಹೋಗಬೇಕೋ ಬೇಡವೋ ಅನ್ನೋದು ಮಾತ್ರ ಗೊತ್ತಾಗಲಿಲ್ಲ.

11.30. ಸೊರಬದ ರಸ್ತೆ, ಯಾವುದೋ ಊರಾಚೆ

ಗುರುಪ್ರಕಾಶ್ ಅವರ ಹಿಂದಿನ ಚಕ್ರದಲ್ಲಿ ಎರಡು ಕಡ್ಡಿ ಮುರಿದವು. ಬ್ಯಾಂಕಿನವರು, ಭಾರಿ ಆಳು, ಭಾರಿ ಬೆಲೆಯ ಸೈಕಲ್ಲು. ಜೋಳದ ರಾಶಿ ತಪ್ಪಿಸೋಕೆ ಹೋಗಿ ಗುಂಡಿಗೆ ಇಳಿಸಿದ್ರಂತೆ. ರಿಮ್ಮು ಬೆಂಡಾಗಿ ಬ್ರೇಕಿಗೆ ತಾಗ್ತಿತ್ತು. ಅವರ ಅಳತೆಯ ಕಡ್ಡಿ ವ್ಯಾನಲ್ಲಿದೆ, ವ್ಯಾನು ಸೊರಬದಲ್ಲಿದೆ. ಅಕ್ಕಪಕ್ಕದ ಕಡ್ಡಿ ಸಡಿಲ ಮಾಡಿ, ಬಿಗಿ ಮಾಡಿ, ಮತ್ತೆ ಸಡಿಲ… ಬಿಸಿಲಲ್ಲಿ ಒಂದು ಗಂಟೆ ಕುಕ್ಕರಗಾಲಲ್ಲಿ ಕೂತೆ. ಏಳುವಾಗ ಮಂಡಿ ಟಕ್ ಅಂತು. ಗುರುಪ್ರಕಾಶ್ ಹೆದರಿ, "ಇನ್ನೊಂದು ಕಡ್ಡಿ ಹೋಯ್ತಾ?" ಅಂದ್ರು.

"ಇದು ನಂದು ಸಾರ್. ಇದಕ್ಕೆ ಸ್ಪೇರ್ ಸಿಗಲ್ಲ."

ನಕ್ಕರು. ನಂಗೆ ನಗು ಬರಲಿಲ್ಲ.

ಒಂದು ಮಾತು ಬರೆದಿಡ್ತೀನಿ. ಅವರ ಕಡ್ಡಿ ಮುರಿದಾಗ ಒಂದು ಕ್ಷಣ ಹಗುರ ಆಯ್ತು. ಲೇಟಾಗುತ್ತೆ, ಹೊಸಬಾಳೆಗೆ ಹೊತ್ತಿರಲ್ಲ, ಹೋಗದೆ ಇರೋಕೆ ನೆವ ಸಿಕ್ಕಿತು ಅಂತ.

1.50

ಹೊಂಗೆ ಮರದ ನೆರಳು. ಬುತ್ತಿಯ ರೊಟ್ಟಿ ಮುರಿಯೋಕೂ ಕೈಯಲ್ಲಿ ಬಲ ಇಲ್ಲ. ಏರು ಬಂದಲ್ಲೆಲ್ಲ ಇಳಿದು ನೂಕಿದೆ. ಇಳಿದು ನೂಕೋದಕ್ಕಿಂತ ಮತ್ತೆ ಹತ್ತೋದು ಕಷ್ಟ. ಸೊರಬ ಎಷ್ಟು ದೂರ ಅಂತ ಹುಲ್ಲಿನ ಗಾಡಿಯವನನ್ನ ಕೇಳಿದೆ. "ಇಲ್ಲೇ, ಬಂದೇ ಬಿಡ್ತು" ಅಂದ. ಮುಕ್ಕಾಲು ಗಂಟೆ ಆದ್ಮೇಲೆ ಇನ್ನೊಬ್ಬರನ್ನ ಕೇಳಿದೆ. ಅವರೂ ಅದನ್ನೇ ಅಂದ್ರು. ಮಾತು ಮಾತ್ರ ಬದಲಾಗಿದೆ, ಆ ಕಡೆ ಐತಿ, ಈ ಕಡೆ ಇದೆ. ದೂರ ಅಷ್ಟೇ ಇದೆ.

ನಿದ್ದೆ ಎಳೀತಿದೆ. ಕಣ್ಣು ಮುಚ್ಚಿದ್ರೆ ಏಳಲ್ಲ…

3.40. ಸೊರಬ

ಕಲ್ಯಾಣಮಂಟಪದ ನೆಲದ ಮೇಲೆ ಎಲ್ಲರೂ ಕಾಲು ಚಾಚಿ ಬಿದ್ದಿದಾರೆ. ನಾನು ಸೈಕಲ್ ನಿಲ್ಲಿಸಲಿಲ್ಲ. ನಿಲ್ಲಿಸಿದ್ರೆ ಮುಗೀತು.

ಹೇಮಂತ್ ಅಡ್ಡ ಬಂದ್ರು. "ಎಲ್ಲಿಗ್ರೀ ಮತ್ತೆ? ನಾಳೆ ಸಿದ್ದಾಪುರದ ದಾರಿ ಪೂರ್ತಿ ಏರು. ಕಾಲು ಉಳಿಸ್ಕೊಳ್ಳಿ."

"ಹೊಸಬಾಳೆಗೆ. ನಮ್ಮಕ್ಕನ ಮನೆ."

"ವ್ಯಾನಲ್ಲಿ ಬಿಟ್ಟು ಬರ್ತೀನಿ, ಇರಿ."

ಬೇಡ ಅಂದೆ. ವ್ಯಾನಲ್ಲಿ ಹೋದ್ರೆ ವ್ಯಾನಿನವರು ಕಾಯ್ತಿದಾರೆ ಅಂತ ಎರಡೇ ಮಾತಿಗೆ ಎದ್ದು ಬಂದುಬಿಡ್ತೀನಿ. ನನ್ನನ್ನ ನಾನು ಬಲ್ಲೆ. ಪೇಟೆ ಸರ್ಕಲಿನ ಹಣ್ಣಿನವನು ದಾರಿ ತೋರಿಸಿದ. "ನಮಗಾದ್ರೆ ಬೈಕಲ್ಲಿ ಕಾಲು ಗಂಟೆ. ನಿಮಗೆ…" ನನ್ನ ಮುಖ ನೋಡಿದ. "ಇನ್ನೊಂದು ಗಂಟೆ ತುಳಿತ ಇದೆ ತಾಯಿ."

ಮೂಸಂಬಿ ಕೊಂಡೆ. ಬರಿಗೈಲಿ ಹೋಗಬಾರದು.

ಡಿಸೆಂಬರ್ 7, ಭಾನುವಾರ. ಸೊರಬ, ಬೆಳಿಗ್ಗೆ 5.15

ನಿನ್ನೆ ಬಂದವಳೇ ಮಲಗಿದೆ. ಪೆನ್ನು ಹಿಡಿಯೋ ಸ್ಥಿತಿಯಲ್ಲಿರಲಿಲ್ಲ. ಈಗ ಬರೀತೀನಿ. ಆದದ್ದನ್ನ ಆದ ಹಾಗೆ. ನಿನಗೇ ಗೊತ್ತಿರೋದನ್ನ ನಿನಗೇ.

ಅಂಗಳದಲ್ಲಿ ಮೊರ ಹಿಡಿದು ಹುರುಳಿ ಹಸನು ಮಾಡ್ತಿದ್ದೆ ನೀನು. ಸಣ್ಣಗಾಗಿದೀಯ. ಸೈಕಲ್ ಸದ್ದಿಗೆ ತಲೆ ಎತ್ತಿದೆ.

"ಯಾರದು?"

"ನಾನಕ್ಕ. ಹೂವಿ."

"ಯಾವ ಹೂವಿ?"

ನೀನು ಮೊರ ಎರಡು ಸಲ ಕೇರಿದೆ. ಆಮೇಲೆ ನನ್ನ ಚೂಡಿದಾರ, ಶೂ, ಹೆಲ್ಮೆಟ್ಟು ಎಲ್ಲ ನೋಡಿದೆ.

"ಇದೆಂತ ವೇಷ ಮಾರಾಯ್ತಿ. ಬಸ್ಸು ನಿಂತುಹೋಗಿದಾವಾ?"

"ಬಸ್ಸಿದಾವೆ. ಬಸ್ಸಲ್ಲಿ ಬಂದ್ರೆ ನಡುವೆ ಇಳಿದುಬಿಡ್ತೀನಿ."

ಸೌಂದರ್ಯ ನೀರು, ಬೆಲ್ಲ ತಂದಿಟ್ಟಳು. ಕನ್ನಡಕದಲ್ಲಿ ಥೇಟ್ ಭಾವನ ಮುಖ. ಅವಳ ಅಮ್ಮ ಕುಪ್ಪಗಡ್ಡೆಗೆ ತವರಿಗೆ ಹೋಗಿದಾಳಂತೆ. ಕೂತೆ.

"ಎಂತಕ್ಕೆ ಬಂದೆ?"

"ಭಾವ ಹೋದಾಗ ಬರಬೇಕಿತ್ತು. ಬರ್ಲಿಲ್ಲ. ತಪ್ಪಾಯ್ತು."

"ಯಾಕೆ ಬರ್ಲಿಲ್ಲ?"

"ನಮ್ಮನೆಯವರ ಗಣಾರಾಧನೆಗೆ ನೀವ್ಯಾರೂ ಬರ್ಲಿಲ್ವಲ್ಲ…"

ಮೊರ ಕೆಳಗಿಟ್ಟೆ ನೀನು. "ಬರಬೇಡ ಅಂತ ಬರೆದು ಕಳಿಸಿದವಳು ಯಾರೇ?"

ನಂಗೆ ಅರ್ಥ ಆಗಲಿಲ್ಲ. ನೀನು ಸೌಂದರ್ಯನ ಕಡೆ ತಿರುಗಿ, "ಅಜ್ಜನ ಕನ್ನಡಕದ ಡಬ್ಬಿ ತಾ" ಅಂದೆ. ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆಯ ಕಾಗದ. ನನ್ನದೇ ಅಕ್ಷರ.

"ಓದೇ" ಅಂದೆ ನೀನು ಅವಳಿಗೆ.

"ಭಾವನವರಿಗೆ ಶರಣು. ಸೋಮವಾರ ಗಣಾರಾಧನೆ. ಅಕ್ಕ ಬೇಡ. ನೀವೆಲ್ಲ ಬಂದರೆ ಸಾಕು."

ನಾನು ಕೈಗೆ ತಗೊಂಡೆ. ಬೆಳಕಿಗೆ ಹಿಡಿದೆ. ಅಕ್ಕ ಅಂತಲೇ ಇತ್ತು.

ನಾನು ಶಾಲೆಗೆ ಹೋದವಳಲ್ಲ, ನಿಂಗೆ ಗೊತ್ತು. ನಮ್ಮ ಅಂಗಡಿ ಪಕ್ಕ ಬೋರ್ಡ್ ಬರೆಯೋರು ಇದ್ರು, ಅವರನ್ನ ನೋಡಿ ನೋಡಿ ಕಲಿತಿದ್ದು. ಅವರು ಸಾಲಿನ ಅಕ್ಷರಕ್ಕೆಲ್ಲ ಮೊದಲು ಮೈ ಬರೆದುಬಿಡೋರು. ಆಮೇಲೆ ಮೊದಲಿಂದ ಬಂದು ತಲೆಕಟ್ಟು, ಗುಡಿಸು, ಕೊಂಬು ಹಾಕೋರು. ನಾನೂ ಇವತ್ತಿಗೂ ಹಾಗೇ ಬರೆಯೋದು. ಆ ದಿನ ತಲೆ ಹಾಕ್ತಾ ಬರುವಾಗ ಆ ಒಂದಕ್ಕೆ ಗುಡಿಸಿನ ಬದಲು ತಲೆಕಟ್ಟು ಎಳೆದಿದೀನಿ. ಅಕ್ಕಿ ಹೋಗಿ ಅಕ್ಕ ಆಗಿದೆ.

"ಅಕ್ಕಿ ಅಂತ ಬರೆದಿದ್ದು" ಅಂದೆ. "ಅಕ್ಕಿ ತರೋದು ಬೇಡ ಅಂತ. ನಿಮ್ಮ ಗದ್ದೆ ಆ ವರ್ಷ… ನೀವೆಲ್ಲ ಬಂದ್ರೆ ಸಾಕು ಅಂತ."

ಸೌಂದರ್ಯ ಫಕ್ಕನೆ ನಕ್ಕಳು. ನಿನ್ನ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಹುರುಳಿಗೆ ಕೋಳಿ ಬಂದು ಬಾಯಿ ಹಾಕ್ತು, ನೀನು ಅಟ್ಟಲಿಲ್ಲ.

"ಅವರು ದಿನಾ ಅನ್ನೋರು" ಅಂದೆ ನೀನು. "ನಡಿಯೇ, ಹೋಗಿ ಕೇಳೋಣ, ಹೂವಮ್ಮ ಹಂಗೆ ಬರೆಯೋಳಲ್ಲ ಅಂತ. ನಾನೇ ಬಿಡ್ಲಿಲ್ಲ. ಕೇಳಿದ್ನಾ ಅಂದವಳ ಹತ್ರ ಕೇಳೋಕೆ ಹೋಗ್ಲಾ ಅಂದೆ. ಸಾಯೋ ಹಿಂದಿನ ವಾರವೂ ಅಂದ್ರು."

ನಾನು ಜೇಬಿಂದ ಪೆನ್ನು ತೆಗೆದೆ. ಚೀಟಿಯನ್ನ ತೊಡೆ ಮೇಲೆ ಇಟ್ಟುಕೊಂಡು ಆ ಗುಡಿಸು ಹಾಕೋಣ ಅಂತ. ನೀನು ನನ್ನ ಕೈ ಹಿಡಿದೆ. ಆರು ವರ್ಷದ ಮೇಲೆ ಮುಟ್ಟಿದ್ದು ಅದೇ ಮೊದಲು.

"ಬೇಡ. ಹಿಂಗೇ ಇರ್ಲಿ."

"ತಪ್ಪು ನಂದಕ್ಕ. ತಿದ್ದಿಬಿಡ್ತೀನಿ."

"ನೀನು ತಿದ್ದಿಬಿಡ್ತೀಯ. ಆಮೇಲೆ ಅವರನ್ನ ತಡೆದ ನಾನು ಎಲ್ಲಿಗೆ ಹೋಗ್ಲೇ?"

ನೀನು ಚೀಟಿ ಮಡಚಿ ಡಬ್ಬಿಗೆ ಹಾಕಿ, ಡಬ್ಬಿ ತಗೊಂಡು ಒಳಗೆ ಹೋದೆ. ಬರಲಿಲ್ಲ. ನಾನು ಅಂಗಳದಲ್ಲೇ ಕೂತಿದ್ದೆ. ದೀಪ ಹಾಕಿದ್ರು. ಸೌಂದರ್ಯ ಒಳಗೂ ಹೊರಗೂ ಎರಡು ಸಲ ಓಡಾಡಿದಳು, "ಅಜ್ಜಿ ಮಲಗಿದೆ" ಅಂದಳು. ನೀನು ಸಂಜೆ ಹೊತ್ತು ಮಲಗೋಳಲ್ಲ. ಮೂಸಂಬಿ ಅವಳ ಕೈಗೆ ಕೊಟ್ಟು ಎದ್ದೆ.

ಆರೂಕಾಲು. ಹತ್ತಿದ್ರೆ ಕಾಲು ತುಳಿಯೋದಿಲ್ಲ ಅಂತು. ಹೋಗುವಾಗ ಇದ್ದ ಕಾಲು ಬರುವಾಗ ಬೇರೆಯವರದ್ದು ಅನ್ನಿಸ್ತು. ಊರು ದಾಟಿ ಸ್ವಲ್ಪ ದೂರ ಬಂದಿದ್ದೆ, ಹಿಂದಿಂದ ಬೈಕಿನ ಬೆಳಕು ಬಿತ್ತು. ದಾಟಿ ಹೋಗ್ಲಿ ಅಂತ ಅಂಚಿಗೆ ಸರಿದೆ. ದಾಟಲಿಲ್ಲ. ಹಿಂದೇನೇ ಬಂತು, ನಾನು ಇಳಿದು ನೂಕಿದ್ರೆ ಅದೂ ನಿಧಾನ ಆಗ್ತಿತ್ತು. ತಿರುಗಿ ನೋಡಿದ್ರೆ ಶಿವಶಂಕರ.

"ನಡೀರಿ ಚಿಕ್ಕಮ್ಮ, ನಾನು ಲೈಟ್ ಹಿಡೀತೀನಿ."

"ಅಕ್ಕ ಕಳಿಸಿದ್ಲಾ?"

"ಏನೂ ಹೇಳ್ಲಿಲ್ಲ. ಗದ್ದೆಯಿಂದ ಬಂದು ಕೈಕಾಲು ತೊಳೀತಿದ್ದೆ. ಬೈಕಿನ ಕೀ ತಂದು ನನ್ನ ಒದ್ದೆ ಕೈಲಿಟ್ಟು ಮತ್ತೆ ಹೋಗಿ ಮಲಗಿದ್ಲು."

ಸೊರಬದ ದೀಪ ಕಾಣೋವರೆಗೂ ಬಂದ. ನನ್ನ ನೆರಳು ಮುಂದೆ ಉದ್ದಕ್ಕೆ ಬಿದ್ದಿತ್ತು, ಅದನ್ನೇ ತುಳೀತಾ ಬಂದೆ. ಬೀಳ್ಕೊಡುವಾಗ ಬೈಕಿಂದ ಇಳಿದು, ಜನವರಿ ನಾಲ್ಕಕ್ಕೆ ಅಪ್ಪನ ಎರಡನೇ ವರ್ಷದ ಸ್ಮರಣೆ ಅಂದ. ಬನ್ನಿ ಅಂತ ಅನ್ನಲಿಲ್ಲ. ಅನ್ನೋಕೆ ಅವನಿಗೆ ಹೇಗೆ ಆಗುತ್ತೆ, ನೀನು ಅನ್ನದೆ.

ಹೇಮಂತ್ ಸೀಟಿ ಊದ್ತಿದಾರೆ. ಸಿದ್ದಾಪುರ.

ಡಿಸೆಂಬರ್ 8. ಕುಮಟಾ

ಮುಟ್ಟಿದ್ವಿ. ಸಮುದ್ರ ಇದೆ. ಎಲ್ಲರೂ ಸೈಕಲ್ ಎತ್ತಿಹಿಡಿದು ಫೋಟೋ ತೆಗೆಸಿಕೊಂಡ್ರು. ನಂಗೆ ಎತ್ತೋಕಾಗಲಿಲ್ಲ. ಪಕ್ಕಕ್ಕೆ ನಿಂತೆ. ಉಪ್ಪುನೀರು ತಾಗಿದ್ರೆ ಚೈನು ತುಕ್ಕು ಹಿಡಿಯುತ್ತೆ ಅಂತ ಎಲ್ಲರಿಗೂ ಹೇಳಿದೆ. ಯಾರೂ ಕೇಳಲಿಲ್ಲ.

ಡಿಸೆಂಬರ್ 19, ಶುಕ್ರವಾರ. ಹೊನ್ನಾಳಿ

ಹತ್ತು ದಿನ ಪೆನ್ನು ಮುಟ್ಟಲಿಲ್ಲ. ಕಾಲು ಬಾತು, ಅಂಗಡಿ ನಾಲ್ಕು ದಿನ ಮುಚ್ಚಿತ್ತು. ಈಗ ಪರವಾಗಿಲ್ಲ.

ಈ ಹಾಳೆ ಡೈರಿಯಿಂದ ಹರಿದು ಕವರಿಗೆ ಹಾಕ್ತೀನಿ. ಸೌಂದರ್ಯ, ಇದನ್ನ ಅಜ್ಜಿಗೆ ನಿಧಾನಕ್ಕೆ ಓದು ಮಗಾ. ಅಜ್ಜಿ ನಡುವೆ ಎದ್ದು ಹೋದ್ರೆ ಅಲ್ಲಿಗೇ ನಿಲ್ಲಿಸು, ವಾಪಸ್ ಬಂದಮೇಲೆ ಓದು.

ಅಕ್ಕ, ನಾನು ತಿದ್ದೋಕೆ ಹೋಗಬಾರದಿತ್ತು. ಅದು ಭಾವ, ಆಮೇಲೆ ನೀನು, ಆರು ವರ್ಷ ಇಟ್ಟುಕೊಂಡಿದ್ದ ಚೀಟಿ, ನನ್ನದಲ್ಲ. ಹಾಗೇ ಇರ್ಲಿ. ನೀನು ಬಂದು ಕೇಳಲಿಲ್ಲ, ನಾನೂ ಬಂದು ಕೇಳಲಿಲ್ಲ. ಯಾರದ್ದು ಹೆಚ್ಚು ಅಂತ ತೂಗೋಕೆ ನನ್ನಲ್ಲಿ ಶಕ್ತಿ ಉಳಿದಿಲ್ಲ ಅಕ್ಕ, ನಿನ್ನಲ್ಲೂ ಇದ್ದ ಹಾಗೆ ಕಾಣಲಿಲ್ಲ.

ಜನವರಿ ನಾಲ್ಕು ಅಂತ ಶಿವಶಂಕರ ಹೇಳಿದ. ಬರಬೇಕು ಅಂತ ಇದೆ. ಕರೀದೆ ಬಂದು ಅಂಗಳದಲ್ಲಿ ಕೂತು ನಿನ್ನನ್ನ ಮತ್ತೆ ಮಲಗಿಸಲ್ಲ. ಬಾ ಅನ್ನಿಸಿದ್ರೆ ಬಾ ಅಂತ, ಈ ವರ್ಷ ಬೇಡ ಅನ್ನಿಸಿದ್ರೆ ಹಾಗೇ, ಮಗೂ ಕೈಲಿ ಒಂದು ಸಾಲು ಬರೆಸು. ಮೂರನೇ ತಾರೀಕು ಬೆಳಿಗ್ಗೆ ಅಂಚೆಯವರು ಬಂದು ಹೋಗೋವರೆಗೂ ನಾನು ಅಂಗಡಿ ಬಾಗಿಲಲ್ಲೇ ಇರ್ತೀನಿ. ಅದಕ್ಕಿಂತ ಮೊದಲೇ, ಬೇಗ ಬರೆಸು ಅಕ್ಕ.